ಕಕ್ಕಡದಲ್ಲಿ ಕೊಂಡ ಲ್ಯಾಪ್‌ಟಾಪ್

ಜಡಿಮಳೆಯ ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಕೊಡವರ ಮದುವೆಗಳು ನಡೆಯುವುದಿಲ್ಲ. ಮದುವೆಯ ಫೋಟೋ ತೆಗೆದು ಬದುಕುವ ನನ್ನಂಥವರಿಗೆ ಅದು ಲೆನ್ಸಿಗೆ ಹಿಡಿದ ಬೂಷ್ಟು ಒರೆಸುವ, ಬಾಕಿ ವಸೂಲಿ ಮಾಡುವ, ಸಾಮಾನು ಕೊಳ್ಳುವ ಕಾಲ. 2012ರ ಕಕ್ಕಡದಲ್ಲಿ ಲ್ಯಾಪ್‌ಟಾಪ್ ಕೊಳ್ಳಲು ಮಡಿಕೇರಿಯ ಅಂಗಡಿಯೊಂದಕ್ಕೆ ಹೋದೆ. ಪ್ರೊಸೆಸರ್, ಮೆಮೊರಿ ಬೇಗ ತೀರ್ಮಾನವಾದವು. ತೊಡಕಾದದ್ದು ಹಾರ್ಡ್ ಡಿಸ್ಕ್: ನಿಮಿಷಕ್ಕೆ 5400 ಸುತ್ತು ತಿರುಗುವ ಒಂದು ಟೆರಾಬೈಟ್‌ನದೋ, 7200 ಸುತ್ತಿನ, ಅದರರ್ಧ ಹಿಡಿಸುವ 500 ಗಿಗಾಬೈಟ್‌ನದೋ? ಬೆಲೆ ಹೆಚ್ಚುಕಡಿಮೆ ಒಂದೇ, ಎರಡೂ ದುಬಾರಿ. ಹಿಂದಿನ ವರ್ಷದ ಪ್ರವಾಹದಲ್ಲಿ ಥಾಯ್ಲೆಂಡಿನ ಡಿಸ್ಕ್ ಕಾರ್ಖಾನೆಗಳು ಮುಳುಗಿ ಏರಿದ ದರ ಇನ್ನೂ ಪೂರ್ತಿ ಇಳಿದಿರಲಿಲ್ಲ. ನಮ್ಮ ಮಳೆ ಸಾಲದೆಂದು ಅವರ ಮಳೆಗೂ ನಾವೇ ದಂಡ ತೆರಬೇಕು!

‘7200 ತೆಗೆದುಕೊಳ್ಳಿ ಸರ್, ವೇಗ ಮೂರನೇ ಒಂದು ಪಾಲು ಜಾಸ್ತಿ’ ಎಂದ ಅಂಗಡಿಯ ಹುಡುಗ. ಅವನ ಭಾಗಾಕಾರ ಸರಿ; ಆದರೆ ಅದು ಡಿಸ್ಕಿನೊಳಗೆ ಮಾಹಿತಿ ಇರುವ ತಟ್ಟೆ ತಿರುಗುವ ವೇಗ, ಕೆಲಸ ಮುಗಿಯುವ ವೇಗವಲ್ಲ. ಬೇಕಾದ ಮಾಹಿತಿ ತಿರುಗುತ್ತಾ ಓದುವ ಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. 5400ರಲ್ಲಿ ಇದು ಸುಮಾರು 5.6 ಮಿಲಿಸೆಕೆಂಡು, 7200ರಲ್ಲಿ 4.2. ಅದಕ್ಕೂ ಮೊದಲು ಮೊನೆ ಸರಿಯಾದ ಪಥಕ್ಕೆ ಸರಿಯಬೇಕು. ಲ್ಯಾಪ್‌ಟಾಪ್ ಡಿಸ್ಕುಗಳಲ್ಲಿ ಅದಕ್ಕೇ ಹತ್ತು ಮಿಲಿಸೆಕೆಂಡಿಗೂ ಹೆಚ್ಚು ಹೋಗುತ್ತದೆ. ಎರಡನ್ನೂ ಕೂಡಿದರೆ ಉಳಿತಾಯ ಹತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ.

ಲೆಕ್ಕಕ್ಕಿಂತ ಕಣ್ಣಿಗೆ ಕಂಡದ್ದನ್ನು ನಂಬುವವನು ನಾನು. ಒಂದೇ ಮಾದರಿಯ ಎರಡು ಯಂತ್ರಗಳು ಅಲ್ಲಿದ್ದವು. ವಿರಾಜಪೇಟೆಯ ಮದುವೆಯೊಂದರ ಫೋಟೋ ಮತ್ತು ವಿಡಿಯೊ ಎರಡಕ್ಕೂ ತುಂಬಿಸಿ, ಆಫ್ ಮಾಡಿ ಮತ್ತೆ ಆನ್ ಮಾಡಿಸಿದೆ. ಹಾಗೆ ಮಾಡದಿದ್ದರೆ ಮೆಮೊರಿಯಲ್ಲಿ ಉಳಿದದ್ದನ್ನೇ ತೋರಿಸಿ ಯಂತ್ರ ನಮ್ಮನ್ನು ಮೋಸಗೊಳಿಸುತ್ತದೆ. ದೊಡ್ಡ ವಿಡಿಯೊ ಕಡತವನ್ನು ಡಿಸ್ಕಿನೊಳಗೇ ನಕಲು ಮಾಡಿದಾಗ ಎರಡೂ ಹೆಗಲೆಣೆಯಾಗಿ ಸಾಗಿದವು. ಟೆರಾಬೈಟ್ ಡಿಸ್ಕಿನ ತಟ್ಟೆಯಲ್ಲಿ ಮಾಹಿತಿ ಒತ್ತೊತ್ತಾಗಿರುವುದರಿಂದ ನಿಧಾನವಾಗಿ ತಿರುಗಿದರೂ ಒಂದು ಸುತ್ತಿಗೆ ಹೆಚ್ಚು ಓದಿಕೊಳ್ಳುತ್ತದೆ. ಸಾವಿರಾರು ಫೋಟೋಗಳಿದ್ದ ಫೋಲ್ಡರ್ ತೆರೆದು ಚಿಕ್ಕ ಚಿತ್ರಗಳು ಮೂಡುವುದನ್ನು ನೋಡಿದಾಗ ಮಾತ್ರ 7200 ಮುಂದೆ ಹೋಯಿತು. ವಧುವನ್ನು ಗಂಗಾಪೂಜೆಗೆ ಕರೆದೊಯ್ಯುವ ಚಿತ್ರಗಳಿಗೆ ಒಂದು ಬಂದು ಮುಟ್ಟಿದಾಗ ಇನ್ನೊಂದು ವಾಲಗದವರನ್ನೇ ತೋರಿಸುತ್ತಿತ್ತು. ಅಂತರ ದೊಡ್ಡದಲ್ಲ, ಆದರೆ ಇಡೀ ದಿನ ಆ ಕೆಲಸವನ್ನೇ ಮಾಡುವವನಿಗೆ ಸಾಕು.

ಉಳಿದದ್ದು ಬ್ಯಾಟರಿಯ ಚಿಂತೆ. ಗಾಳಿಗೆ ಮರ ಬಿದ್ದು ತಂತಿ ಹರಿದರೆ ನಮ್ಮ ಕಡೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು. 7200 ಸ್ವಲ್ಪ ಹೆಚ್ಚು ವಿದ್ಯುತ್ ಕುಡಿಯುತ್ತದೆ, ಬಿಸಿಯೂ ಆಗುತ್ತದೆ. ಆದರೆ ಪರದೆಗೆ ಹೋಗುವ ವಿದ್ಯುತ್ತಿನ ಮುಂದೆ ಅದು ಗಣನೆಗೆ ಬಾರದಷ್ಟು. ಪರದೆಯ ಬೆಳಕು ತಗ್ಗಿಸಿದರೆ ಸರಿಹೋಗುತ್ತದೆ. ಚಿಪ್ಪುಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿ ಹಾಕಿಸಿದ್ದರೆ ತಿರುಗುವ ತಟ್ಟೆಯೇ ಇರುತ್ತಿರಲಿಲ್ಲ, ಜೀಪಿನ ಕುಲುಕಾಟಕ್ಕೂ ಹೆದರಬೇಕಿರಲಿಲ್ಲ. ನನ್ನ ದುಡ್ಡಿಗೆ ಆಗ ಬರುತ್ತಿದ್ದ ಎಸ್‌ಎಸ್‌ಡಿಯಲ್ಲಿ ಒಂದು ಸೀಸನ್ನಿನ ಮದುವೆಗಳೂ ಹಿಡಿಸುತ್ತಿರಲಿಲ್ಲ.

7200 ಕೊಂಡೆ. ಹಳೆಯ ಮದುವೆಗಳನ್ನು ಇಡಲು 5400ರದೇ ಒಂದು ಎಕ್ಸ್‌ಟರ್ನಲ್ ಡಿಸ್ಕನ್ನೂ ಚೌಕಾಸಿ ಮಾಡಿ ತಂದೆ. ಅದಕ್ಕೆ ಅವಸರವಿಲ್ಲ. ಆಲ್ಬಂಗೆ ಫೋಟೋ ಆರಿಸಿಕೊಡಿ ಎಂದರೆ ಮದುವೆ ಮನೆಯವರು ಹೇಗೂ ಮುಂದಿನ ಮಳೆಗಾಲದವರೆಗೆ ಎಳೆಯುತ್ತಾರೆ.