"ನಿಮ್ಮವರು ಯಾಕೆ ಅಷ್ಟು ಕುಡೀತಾರೆ?"

ನಾನು ಜೇನು ಕುರುಬರ, ಅಂದರೆ ಕಾಡಲ್ಲಿ ಜೇನು ಕೀಳೋ ಬುಡಕಟ್ಟಿನ ಹುಡುಗಿ ಅಂತ ಗೊತ್ತಾದ ಐದೇ ನಿಮಿಷಕ್ಕೆ ಈ ಪ್ರಶ್ನೆ ಬರುತ್ತೆ. ಮೊದಲು ದಸರಾ ಆನೆಗಳ ಮಾವುತರಿಗೆ ಒಂದು ಹೊಗಳಿಕೆ. ಆಮೇಲೆ ದನಿ ತಗ್ಗಿಸಿ, "ಬೇಜಾರು ಮಾಡ್ಕೋಬೇಡಿ, ಹಾಡಿಗಳಲ್ಲಿ ಕುಡಿತ ಜಾಸ್ತಿ ಅಲ್ವಾ?"

ಬೇಜಾರಾಗಿದೆ. ಕುಂಡೆ ಹಬ್ಬದ ದಿನ ದೇವರನ್ನೇ ಬಾಯಿಗೆ ಬಂದಂಗೆ ಬೈಯೋ ಜನ ನಾವು, ನೀವು ಯಾವ ಲೆಕ್ಕ?

ನಮ್ಮಪ್ಪ ಕುಡೀತಾನೆ, ಸುಳ್ಳು ಹೇಳಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಾಗರಹೊಳೆಯೊಳಗಿನ ಹಾಡಿಗಳನ್ನ, ಅಂದರೆ ನಮ್ಮ ಊರುಗಳನ್ನ, ಅರಣ್ಯ ಇಲಾಖೆ ಒಂದೊಂದಾಗಿ ಖಾಲಿ ಮಾಡಿಸಿತು. ಕೆಲವರು ಕೊಡಗಿನ ಕಾಫಿ ತೋಟದ ಲೈನ್ ಮನೆ ಸೇರಿದರು. ನಮಗೆ ಸಿಕ್ಕಿದ್ದು ಕಾಲೊನಿಯಲ್ಲಿ ಒಂದು ಮನೆ. ದೇವರೂ ಮುತ್ತಜ್ಜನ ಗೋರಿಯೂ ಕಾಡಿನ ಗೇಟಿನ ಆಚೆಗೇ ಉಳಿದವು. ಪೂಜೆಗೆ ಹೋಗಬೇಕಾದರೂ ಫಾರೆಸ್ಟ್ ಗಾರ್ಡ್ ಹತ್ತಿರ ಕೇಳಬೇಕು.

ಒಮ್ಮೆ ಕಾಲೊನಿಯಲ್ಲಿ ಆರೋಗ್ಯ ಶಿಬಿರ. ಫಾರಂ ತುಂಬೋ ಕೆಲಸ ನಂದು. ಸಾಲಿನಲ್ಲಿ ಅಪ್ಪನೂ ನಿಂತಿದ್ದ.

"ಯಾವಾಗಿಂದ ಕುಡೀತಿದ್ದಾರೆ ಕೇಳಮ್ಮ" ಅಂದರು ಡಾಕ್ಟರು.

"ಗುಡಿಸಲು ಕೆಡವಿದ ವರ್ಷದಿಂದ" ಅಂದ ಅಪ್ಪ.

ಫಾರಂನಲ್ಲಿ ಇದ್ದದ್ದು ಎರಡಂಕಿ ಹಿಡಿಸೋ ಚೌಕ. 30 ಅಂತ ಬರೆದೆ. "ಕುಟುಂಬದಲ್ಲಿ ಮಾನಸಿಕ ಕಾಯಿಲೆ?" ಅನ್ನೋ ಕಡೆ "ಇಲ್ಲ" ಅಂತ ಟಿಕ್ ಹಾಕಿದೆ. ಗುಡಿಸಲು ಕೆಡವಿದಾಗ ನಾನು ಹುಟ್ಟಿರಲೇ ಇಲ್ಲ. ಆದರೂ ರಾತ್ರಿ ಜೀಪಿನ ಸದ್ದು ಕೇಳಿದರೆ ಎದ್ದು ಕೂತು ಚಪ್ಪಲಿ ಹುಡುಕ್ತೀನಿ. ಮೈಸೂರಿನ ಹಾಸ್ಟೆಲ್ಲಿನಲ್ಲೂ ಹುಡುಕುತ್ತಿದ್ದೆ. ಅಮ್ಮನೂ ಹಾಗೇ. ಅದಕ್ಕೆ ಫಾರಂನಲ್ಲಿ ಚೌಕವೇ ಇರಲಿಲ್ಲ.

ಕುಡಿತಕ್ಕೆ ಇದೇ ಪೂರ್ತಿ ಕಾರಣ ಅಂತ ನಾನೂ ಹೇಳಲ್ಲ. ಕಾಡು ಬಿಟ್ಟು ಬಂದ ಅಮ್ಮ ಒಂದು ತೊಟ್ಟೂ ಮುಟ್ಟಿಲ್ಲ. ಅವಳು ಹೇಗೆ ತಡ್ಕೊಂಡಳು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಅಪ್ಪನ ಬಗ್ಗೆಯೇ ಕೇಳಬೇಕು ಅಂದ್ರೆ ಜೇನಿನ ಬಗ್ಗೆ ಕೇಳಿ. ಹೆಜ್ಜೇನು, ತುಡುವೆ, ಕೋಲುಜೇನು, ಯಾವುದು ಯಾವ ತಿಂಗಳಲ್ಲಿ ಎಲ್ಲಿ ಕಟ್ಟುತ್ತೆ, ಎಷ್ಟು ಹೊಗೆ ಹಾಕಿದರೆ ಏಳುತ್ತೆ, ಮರಿಗಳಿಗೆ ಎಷ್ಟು ಬಿಟ್ಟು ಬರಬೇಕು. ಮಾತು ಶುರುವಾದರೆ ಸಂಜೆಯಾಗುತ್ತೆ. ಬಾಟಲಿ ಮರೆತೇ ಹೋಗುತ್ತೆ ಅನ್ನಲ್ಲ, ತಡ ಆಗುತ್ತೆ.

2025ರ ಮೇ ತಿಂಗಳಲ್ಲಿ ನಮ್ಮ ಜನರ ಸುಮಾರು 50 ಕುಟುಂಬಗಳು 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು ಕಾಡೊಳಗಿನ ಕರಡಿಕಲ್ಲಿಗೆ ವಾಪಸ್ ಹೋಗಿ ಗುಡಿಸಲು ಹಾಕಿದ್ದರು. ಆ ವಿಡಿಯೊ ಅಪ್ಪನಿಗೆ ತೋರಿಸಿದೆ. ಮೂರು ಸಲ ಹಾಕಿಸಿಕೊಂಡು ನೋಡಿದ. ಜನರನ್ನಲ್ಲ, ಅವರ ಹಿಂದಿದ್ದ ಮರಗಳನ್ನ.

"ಹೆಜ್ಜೇನು ಇನ್ನೂ ಬಂದಿಲ್ಲ ನೋಡು" ಅಂದ.