ಟ್ಯೂನರ್ ಹುಡುಕುತ್ತಿದ್ದವರು

ಆ ಭಾನುವಾರ ಬೆಳಿಗ್ಗೆ ಎದ್ದವನೇ ಲ್ಯಾಪ್‌ಟಾಪ್ ತೆರೆದೆ. ಗೆಳತಿಯೊಬ್ಬಳ ಗಿಟಾರ್ ಕ್ಲಾಸಿಗೆ ನಾನು ಗೂಗಲ್‌ನಲ್ಲಿ ಹಾಕಿದ್ದ ಜಾಹೀರಾತು ಎರಡು ದಿನದಲ್ಲಿ 4,120 ಸಲ ಕಾಣಿಸಿಕೊಂಡಿತ್ತು. ಕ್ಲಿಕ್ 186. ಅಂದರೆ ಕ್ಲಿಕ್ ದರ 4.5%. ಆ ಸಂಖ್ಯೆ ತೆರೆಯ ಮೇಲೆಯೇ ಇತ್ತು, ಆದರೂ ಫೋನ್ ತೆಗೆದು ಸುಮ್ನೆ ಇನ್ನೊಮ್ಮೆ ಭಾಗಿಸಿ ನೋಡಿದೆ. ಸರಿಯಾಗಿಯೇ ಇತ್ತು. ಸ್ಕ್ರೀನ್‌ಶಾಟ್ ತೆಗೆದು ಗೆಳತಿಗೆ ಕಳಿಸಿದೆ.

ಅವಳ ಉತ್ತರ ಒಂದೇ ಸಾಲು: "ಸೇರಿದೋರು ಎಷ್ಟು ಜನ?"

ಸೊನ್ನೆ.

ಹಿಂದಿನ ಕಥೆ ಸ್ವಲ್ಪ ಹೇಳಬೇಕು. ಆರು ವರ್ಷ ನಾನು ಕಸ್ಟಮರ್ ಸಪೋರ್ಟ್‌ನಲ್ಲಿದ್ದೆ. ದಿನವಿಡೀ ಹೆಡ್‌ಸೆಟ್ ಹಾಕಿಕೊಂಡು ಜನರ ದೂರು ಕೇಳುವ ಕೆಲಸ. ಅಲ್ಲಿಂದ ಮಾರ್ಕೆಟಿಂಗ್‌ಗೆ ಹೋಗಬೇಕು ಅನ್ನಿಸಿತು. ರಾತ್ರಿ ಕೂತು ಓದಲು ಶುರು ಮಾಡಿದೆ. ಗೂಗಲ್‌ನ ಕಲಿಕಾ ತಾಣ ಸ್ಕಿಲ್‌ಶಾಪ್‌ನಲ್ಲಿ ಸರ್ಚ್ ಜಾಹೀರಾತು ಪರೀಕ್ಷೆ ಉಚಿತ. 80% ಬಂದರೆ ಪಾಸು, ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತದೆ. ಅದು ಮುಗಿಯಿತು. ಹಬ್‌ಸ್ಪಾಟ್ ಅಕಾಡೆಮಿಯ ಒಂದು ಆನ್‌ಲೈನ್ ಮಾರ್ಕೆಟಿಂಗ್ ಕೋರ್ಸೂ ಮುಗಿಯಿತು. ಎರಡನ್ನೂ ಹಿಡಿದು ಎರಡು ಸಂದರ್ಶನಕ್ಕೆ ಹೋದೆ. ಎರಡು ಕಡೆಯೂ ಒಂದೇ ಪ್ರಶ್ನೆ: "ನೀವೇ ನಡೆಸಿದ ಒಂದು ಕ್ಯಾಂಪೇನ್ ಬಗ್ಗೆ ಹೇಳಿ." ಎರಡು ಕಡೆಯೂ ನಾನು ನೀರು ಕುಡಿದೆ. ನಿಜವಾಗಿಯೂ ಲೋಟ ಎತ್ತಿ ಕುಡಿದೆ, ಮಾತು ತೋಚದೆ.

ಹಾಗಾಗಿ ಈ ಗೆಳತಿ. ಅವಳು ಆನ್‌ಲೈನ್‌ನಲ್ಲಿ ದೊಡ್ಡವರಿಗೆ ಗಿಟಾರ್ ಕಲಿಸುತ್ತಾಳೆ, ತೀರಾ ಮೊದಲ ಪಾಠದಿಂದ. ಅವಳಿಗೆ ವಿದ್ಯಾರ್ಥಿಗಳು ಬೇಕಿತ್ತು, ನನಗೆ ಅನುಭವ ಬೇಕಿತ್ತು. ಖರ್ಚು ಅರ್ಧರ್ಧ ಅಂತ ಮಾತಾಯಿತು.

ಸೊನ್ನೆ ಅಂದಾಗ ನನಗೆ ಬಂದ ಮೊದಲ ಅನುಮಾನ ನಮ್ಮ ಪುಟದಲ್ಲಿ ಕ್ಲಾಸಿಗೆ ಸೇರಲು ಇಟ್ಟಿದ್ದ ಫಾರ್ಮ್ ಮೇಲೆ. ನಾನೇ ಅದನ್ನು ತುಂಬಿ ಕಳಿಸಿದೆ. ಅರ್ಧ ನಿಮಿಷದಲ್ಲಿ ಗೆಳತಿಗೆ ಇಮೇಲ್ ಹೋಯಿತು. ಫಾರ್ಮ್ ಚೆನ್ನಾಗಿಯೇ ಇತ್ತು. ಆಮೇಲೆ ಖರ್ಚಿನ ಕಾಲಂ ನೋಡಿದೆ. ಶನಿವಾರ ಒಂದೇ ದಿನ ನಾವು ಇಟ್ಟಿದ್ದ ದಿನದ ಬಜೆಟ್‌ನ ಸುಮಾರು ಎರಡರಷ್ಟು ಹೋಗಿತ್ತು! ಯಾರೋ ಮೋಸ ಮಾಡಿದ್ದಾರೆ ಅಂತಲೇ ಅಂದುಕೊಂಡೆ. ಇಲ್ಲ, ನಿಯಮವೇ ಹಾಗಿದೆ. ಗೂಗಲ್ ಆಡ್ಸ್‌ನಲ್ಲಿ ನಾವು ಹಾಕುವುದು ದಿನದ ಸರಾಸರಿ. ಒಂದು ದಿನ ಅದು ಎರಡು ಪಟ್ಟಿನವರೆಗೂ ಹೋಗಬಹುದು, ತಿಂಗಳ ಲೆಕ್ಕದಲ್ಲಿ ಆ ಸರಾಸರಿಯ 30.4 ಪಟ್ಟು ದಾಟುವುದಿಲ್ಲ. ಪರೀಕ್ಷೆಗೆ ನಾನು ಇದನ್ನು ಓದಿದ್ದೆ, ಉತ್ತರವನ್ನೂ ಸರಿಯಾಗಿ ಬರೆದಿದ್ದೆ ಅನ್ನಿಸುತ್ತದೆ. ಓದಿದ್ದು ಸ್ವಂತ ದುಡ್ಡು ಹೋದಾಗ ನೆನಪಾಗಲಿಲ್ಲ, ಅಷ್ಟೇ.

ಹನ್ನೊಂದು ಗಂಟೆ ಹೊತ್ತಿಗೆ, ಬೇರೆ ಏನೂ ತೋಚದೆ, ಸರ್ಚ್ ಟರ್ಮ್ಸ್ ವರದಿ ತೆರೆದೆ. ಕೀವರ್ಡ್ ಅಂದರೆ ನಾವು ಕೊಡುವ ಪದ. ಸರ್ಚ್ ಟರ್ಮ್ ಅಂದರೆ ಆ ಕಡೆ ಕೂತ ಮನುಷ್ಯ ನಿಜವಾಗಿ ಟೈಪ್ ಮಾಡಿದ್ದು. ಎರಡರ ವ್ಯತ್ಯಾಸ ಬಾಯಿಪಾಠ ಬರುತ್ತಿತ್ತು ನನಗೆ. ಕಣ್ಣಾರೆ ಕಂಡದ್ದು ಅವತ್ತೇ.

ಮೊದಲ ಸಾಲು: ಆನ್‌ಲೈನ್ ಗಿಟಾರ್ ಟ್ಯೂನರ್. ಎರಡನೆಯದು: ಉಚಿತ ಗಿಟಾರ್ ಟ್ಯೂನರ್. ಆಮೇಲೆ ಗಿಟಾರ್ ಚಿತ್ರ, ಹಳೆ ಗಿಟಾರ್ ಮಾರಾಟ, ಗಿಟಾರ್ ಶಿಕ್ಷಕರ ಕೆಲಸ. ನಾನು ಕೊಟ್ಟಿದ್ದ ಕೀವರ್ಡ್ 'ಆನ್‌ಲೈನ್ ಗಿಟಾರ್'. ಬೇರೆ ಏನೂ ಹೇಳದಿದ್ದರೆ ಅದು ಬ್ರಾಡ್ ಮ್ಯಾಚ್ ಆಗಿಯೇ ಇರುತ್ತದೆ. ಅಂದರೆ ಅದಕ್ಕೆ ಸಂಬಂಧ ಇದೆ ಅನ್ನಿಸಿದ ಯಾವ ಹುಡುಕಾಟಕ್ಕೂ ಜಾಹೀರಾತು ಹೋಗಬಹುದು. ಪಾಪ, ಎಪ್ಪತ್ತಕ್ಕೂ ಹೆಚ್ಚು ಜನ ಕೈಯಲ್ಲಿ ಗಿಟಾರ್ ಹಿಡಿದುಕೊಂಡು, ತಂತಿ ಶ್ರುತಿ ಮಾಡಲು ಟ್ಯೂನರ್ ಹುಡುಕುತ್ತಾ ನಮ್ಮ ಪುಟಕ್ಕೆ ಬಂದಿದ್ದರು. ಅವರಿಗೆ ನಾವು 'ನಿಮ್ಮೊಳಗಿನ ಸಂಗೀತ ಅರಳಲಿ' ಅಂತ ಹೇಳುತ್ತಿದ್ದೆವು. ಆ ಸಾಲು ಬರೆದವನೂ ನಾನೇ. ಆಗ ಅದು ಬಹಳ ಚೆನ್ನಾಗಿದೆ ಅನ್ನಿಸಿತ್ತು.

ನೆಗೆಟಿವ್ ಕೀವರ್ಡ್, ಅಂದರೆ ಈ ಪದ ಇದ್ದರೆ ಜಾಹೀರಾತು ತೋರಿಸಬೇಡ ಅಂತ ಹೇಳುವ ಪದಗಳನ್ನು ಸೇರಿಸುತ್ತಾ ಕೂತೆ. ಟ್ಯೂನರ್, ಚಿತ್ರ, ಮಾರಾಟ, ಕೆಲಸ. ಇಲ್ಲೂ ಒಂದು ಕಿರಿಕಿರಿ ಇದೆ. ಮಾಮೂಲಿ ಕೀವರ್ಡ್‌ಗೆ ಏಕವಚನ, ಬಹುವಚನ, ಸಮಾನ ಪದ ಎಲ್ಲವೂ ತಾನಾಗಿಯೇ ಹೊಂದಿಕೊಳ್ಳುತ್ತವೆ. ನೆಗೆಟಿವ್‌ಗೆ ಹಾಗಲ್ಲ. ಒಂದು ರೂಪ ಬೇಡ ಅಂದರೆ ಇನ್ನೊಂದು ರೂಪ ಆರಾಮಾಗಿ ಒಳಗೆ ಬರುತ್ತದೆ. ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಯಬೇಕು. ಕೀಳುವುದಕ್ಕಿಂತ ಬೇಗ ಬೆಳೆಯುವ ಕಳೆ ಅದು.

ಪಟ್ಟಿ ಕೆಳಗೆ ಇಳಿಸುತ್ತಾ ಹೋದಾಗ, ಒಂದೊಂದೇ ಕ್ಲಿಕ್ ಬಿದ್ದ ಸಾಲುಗಳ ನಡುವೆ ಎರಡು ಸಿಕ್ಕವು. 'ಗಿಟಾರ್ ಕಲಿಯೋಕೆ ತಡ ಆಯ್ತಾ.' 'ಗಿಟಾರ್ ಬೆರಳು ನೋವು ಎಷ್ಟು ದಿನ.'

ನಾನು ಅಲ್ಲೇ ನಿಂತೆ. ಇದು ನನಗೆ ಗೊತ್ತಿರುವ ದನಿ ಅಲ್ವಾ! ಆರು ವರ್ಷ ಫೋನಿನಲ್ಲಿ ಕೇಳಿದ್ದು ಇಂಥ ಮಾತನ್ನೇ. ಜನ ಯಾವತ್ತೂ ಕಂಪನಿಯ ಭಾಷೆಯಲ್ಲಿ ಕೇಳುವುದಿಲ್ಲ. 'ಸೇವೆಯಲ್ಲಿ ವ್ಯತ್ಯಯ' ಅಂತ ನಮ್ಮ ಸ್ಕ್ರಿಪ್ಟಿನಲ್ಲಿ ಇರುತ್ತಿತ್ತು, ಅವರು 'ನಿನ್ನೆಯಿಂದ ಬರ್ತಾನೇ ಇಲ್ಲ' ಅನ್ನುತ್ತಿದ್ದರು. ಅಂಥ ಮಾತುಗಳನ್ನು ಬರೆದಿಟ್ಟುಕೊಳ್ಳುವ ಒಂದು ಪುಸ್ತಕ ನನ್ನ ಬಳಿ ಇತ್ತು. ಬಯೋಡೇಟಾದಲ್ಲಿ ಮಾತ್ರ ಆ ಆರು ವರ್ಷವನ್ನು ಒಂದೇ ಸಾಲಿಗೆ ಇಳಿಸಿ ಕೆಳಗೆ ತಳ್ಳಿದ್ದೆ, ನಾಚಿಕೆ ಅನ್ನುವ ಹಾಗೆ. ಮೂರನೇ ಸಂದರ್ಶನಕ್ಕೆ ಹೋಗುವ ಮೊದಲು ಅದನ್ನು ಮೇಲೆ ತಂದೆ. ಈ ವರದಿಯ ಪ್ರಿಂಟನ್ನೂ ತೆಗೆದುಕೊಂಡು ಹೋದೆ. ಮುಕ್ಕಾಲು ಗಂಟೆ ಟ್ಯೂನರ್ ಬಗ್ಗೆಯೇ ಮಾತಾಡಿದೆವು.

ಆದರೆ ಅದು ಆಮೇಲಿನ ಮಾತು. ಆ ಮಧ್ಯಾಹ್ನ ಊಟ ಮರೆತು ಜಾಹೀರಾತಿನ ಶೀರ್ಷಿಕೆ ತಿದ್ದುತ್ತಿದ್ದೆ. ಒಂದು ಶೀರ್ಷಿಕೆಗೆ 30 ಅಕ್ಷರ, ಖಾಲಿ ಜಾಗವೂ ಲೆಕ್ಕಕ್ಕೆ. ಹೀಗೆ ಹದಿನೈದು ಕೊಡಬಹುದು. 'ಗಿಟಾರ್ ಕಲಿಯಲು ತಡವಾಯಿತಾ?' ಅಂತ ಒಂದು. ಬೆರಳು ನೋವಿನ ಬಗ್ಗೆ ಒಂದು. ನೋವು ಎಷ್ಟು ದಿನ ಅಂತ ಗೆಳತಿಗೆ ಫೋನ್ ಮಾಡಿ ಕೇಳಿದೆ. "ದಿನಾ ಅಭ್ಯಾಸ ಮಾಡಿದ್ರೆ ಕೆಲವು ವಾರ, ಆಮೇಲೆ ಬೆರಳ ತುದಿ ಗಟ್ಟಿಯಾಗುತ್ತೆ" ಅಂದಳು. ಅದನ್ನೇ ಪುಟದ ಮೇಲ್ಭಾಗಕ್ಕೆ ಹಾಕಿದೆವು. ಸಂಗೀತ ಅರಳುವ ಸಾಲನ್ನು ಅಳಿಸಿದೆ. ಒಂದು ಕ್ಷಣ ಹೊಟ್ಟೆ ಉರಿಯಿತು.

ಮುಂದಿನ ಮೂರು ದಿನ ಕ್ಲಿಕ್ ತೀರಾ ಕಡಿಮೆಯಾಯಿತು. ಎರಡು ಶೀರ್ಷಿಕೆಯಲ್ಲಿ ಒಂದಕ್ಕೆ ಒಂಬತ್ತು, ಇನ್ನೊಂದಕ್ಕೆ ಆರು. ಒಂಬತ್ತು ಗೆದ್ದಿತು ಅಂತ ನಾನು ಘೋಷಿಸಿದೆ. ಈ ಕ್ಷೇತ್ರದಲ್ಲೇ ಇರುವ ಪರಿಚಿತರೊಬ್ಬರು ನಕ್ಕರು. "ನಾಣ್ಯ ಹದಿನೈದು ಸಲ ಚಿಮ್ಮಿಸಿ ನೋಡಿ, ಒಂಬತ್ತು–ಆರು ಬರೋದು ಮಾಮೂಲಿ" ಅಂದರು. ಚಿಮ್ಮಿಸಿದೆ. ಹತ್ತು–ಐದು ಬಂತು. ಸುಮ್ಮನಾದೆ.

ಗುರುವಾರ ರಾತ್ರಿ ಗೆಳತಿಯಿಂದ ಒಂದು ಫಾರ್ವರ್ಡ್ ಬಂತು. ನಾನು ತುಂಬಿದ್ದನ್ನು ಬಿಟ್ಟರೆ ಮೊದಲ ಫಾರ್ಮ್. 'ಏನಾದರೂ ಹೇಳುವುದಿದೆಯೇ' ಅನ್ನುವ ಜಾಗದಲ್ಲಿ ಆ ಮನುಷ್ಯ ಬರೆದಿದ್ದರು: "ನನ್ನ ಹತ್ರ ಇನ್ನೂ ಗಿಟಾರೇ ಇಲ್ಲ. ಕ್ಲಾಸ್ ನೋಡಿ ಆಮೇಲೆ ತಗೊಂಡ್ರೆ ನಡೆಯುತ್ತಾ?"

ಗೆಳತಿ ಅವರಿಗೆ ಉತ್ತರ ಬರೆಯುತ್ತಿದ್ದಳು. ನಾನು ಆ ಹಳೆ ಪುಸ್ತಕ ಹುಡುಕಿ ತೆಗೆದೆ, ಹೊಸ ಹಾಳೆಯಲ್ಲಿ ಅದನ್ನು ಹಾಗೆಯೇ ಬರೆದುಕೊಂಡೆ. ಆಮೇಲೆ ಕೂತು ಅಕ್ಷರ ಎಣಿಸಲು ಶುರು ಮಾಡಿದೆ, 30ರೊಳಗೆ ಹೇಗೆ ತರುವುದು ಅಂತ.