ಗೋಡೆಯಿಂದ ಇಳಿಸಿದ ಪಟ್ಟಿ

2025 ನವೆಂಬರ್ 22, ಶನಿವಾರ

ಬೆಳಗಿನ ಶಾಲೆ ಬಿಟ್ಟ ಮೇಲೆ ಎಲ್ಲರೂ ಎಚ್‌ಎಂ ಸರ್ ಕೋಣೆಯಲ್ಲಿ ಕೂತು ಮಧ್ಯಾಹ್ನದ ಊಟದ ಹೊತ್ತಿನವರೆಗೂ ಒಂದೇ ವಿಷಯ ಮಾತಾಡಿದೆವು. ಮಕ್ಕಳ ಮಾಹಿತಿ ನಮ್ಮ ಶಾಲೆಯಲ್ಲಿ ಎಲ್ಲೆಲ್ಲಿದೆ, ಯಾರ‍್ಯಾರ ಕೈಗೆ ಹೋಗುತ್ತಿದೆ ಅನ್ನುವುದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂದಿತ್ತು, ಅದರ ನಿಯಮಗಳು ಗೆಜೆಟ್‌ನಲ್ಲಿ ಪ್ರಕಟವಾಗಿದ್ದು ಕಳೆದ ವಾರ. ಮುಖ್ಯ ಭಾಗಗಳು ಜಾರಿಗೆ ಬರಲು ಇನ್ನೂ ಹದಿನೆಂಟು ತಿಂಗಳು ಟೈಮಿದೆ. “ಹಾಗಿದ್ರೆ 2027ಕ್ಕೆ ನೋಡ್ಕೊಂಡ್ರಾಯ್ತು ಬಿಡಿ ಮೇಡಂ” ಅಂದರು ಸಹೋದ್ಯೋಗಿಯೊಬ್ಬರು. ನನಗೆ ಅಷ್ಟು ದಿನ ಕಾಯುವ ಮನಸ್ಸಿಲ್ಲ. ಗುರುವಾರ ಬಂದಿದ್ದ ಒಬ್ಬ ತಾಯಿಯ ಮುಖ ಇನ್ನೂ ಕಣ್ಣ ಮುಂದಿದೆ.

ಮೂರನೇ ಕ್ಲಾಸಿನ ಹುಡುಗಿಯ ಅಮ್ಮ ಅವರು. ಮಗುವಿಗೆ ಆಗಾಗ ಫಿಟ್ಸ್ ಬರುತ್ತೆ, ಮಾತ್ರೆ ನಡೆಯುತ್ತಿದೆ. ಶಾಲೆ ಶುರುವಾದಾಗ ತಾವಾಗಿಯೇ ಬಂದು ಎಲ್ಲ ಹೇಳಿದ್ದರು: ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡೋಕೆ ಯಾರನ್ನೂ ಬಿಡಬೇಡಿ. ಆಮೇಲೆ ಮಗುವಿನ ಹೆಸರು ‘ವಿಶೇಷ ಗಮನ ಬೇಕಾದ ಮಕ್ಕಳು’ ಅನ್ನೋ ಪಟ್ಟಿ ಸೇರಿತು. ತಪಾಸಣೆಗೆ ಬಂದವರಿಗೆ ಕಾಣಲಿ ಅಂತ ಆ ಪಟ್ಟಿಗೆ ಲ್ಯಾಮಿನೇಷನ್ ಮಾಡಿಸಿ ಆಫೀಸ್ ಬಾಗಿಲ ಪಕ್ಕ ಅಂಟಿಸಲಾಗಿತ್ತು. ಹೆಸರು, ತರಗತಿ, ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆ ಪ್ರತಿ ಮಗುವಿಗೆ ಕೊಡುವ ದಾಖಲೆ ಸಂಖ್ಯೆ), ಜಾತಿ, ಕಾಯಿಲೆ, ಅಪ್ಪನ ಮೊಬೈಲ್ ನಂಬರ್, ಎಲ್ಲವೂ ಒಂದೇ ಸಾಲಿನಲ್ಲಿ.

“ಮಿಸ್, ಸಿಲಿಂಡರ್ ಇಳಿಸೋರು, ತರಕಾರಿ ತರೋರು, ಓಟು ಹಾಕೋಕೆ ಬರೋರು ಎಲ್ರೂ ಇಲ್ಲೇ ನಿಂತ್ಕೊಂಡು ಓದ್ತಾರೆ. ನಿಮ್ಗೆ ಗೊತ್ತಿರ್ಲಿ ಅಂತ ನಾನು ಹೇಳ್ದೆ. ನಾಳೆ ಇವ್ಳು ದೊಡ್ಡೋಳಾದ್ಮೇಲೆ ಇದನ್ನೇ ಎತ್ತಾಡಿದ್ರೆ ಏನ್ ಮಾಡ್ಲಿ?”

ಎಚ್‌ಎಂ ಸರ್ ಆಗಲೇ ಎದ್ದು ಪಟ್ಟಿ ಕಿತ್ತರು. ಅಂಟು ಗಟ್ಟಿಯಾಗಿದ್ದರಿಂದ ಸುಣ್ಣದ ಚಕ್ಕೆಯೂ ಜೊತೆಗೆ ಬಂತು. ಆ ಮಾಹಿತಿ ಯಾರಿಗೆ ಬೇಕು ಅಂತ ಇವತ್ತು ಕೂತು ಯೋಚಿಸಿದೆವು. ಕ್ಲಾಸ್ ಟೀಚರ್‌ಗೆ ಬೇಕು, ಆಟ ಆಡಿಸುವ ಪಿಇ ಸರ್‌ಗೆ ಬೇಕು, ಎಚ್‌ಎಂಗೆ ಬೇಕು. ಬಿಸಿಯೂಟದ ಅಡುಗೆಯವರಿಗೆ ಈ ಮಗುವಿನ ಕಾಯಿಲೆಯ ಹೆಸರು ಬೇಕಿಲ್ಲ. ಆದರೆ ಐದನೇ ಕ್ಲಾಸಿನ ಹುಡುಗನಿಗೆ ಮೊಟ್ಟೆ ಆಗಿಬರಲ್ಲ ಅನ್ನೋದು ಅವರಿಗೆ ಗೊತ್ತಿರಲೇಬೇಕು. ಮುಚ್ಚಿಡುವ ಹಟದಲ್ಲಿ ಅದನ್ನು ಅವರಿಂದ ಬಚ್ಚಿಟ್ಟರೆ ಮಗುವಿನ ಜೀವಕ್ಕೇ ಕುತ್ತು.

ಗೋಡೆಯ ಕಾಗದಕ್ಕೆ ಈ ಹೊಸ ಕಾಯ್ದೆ ಅನ್ವಯಿಸುವುದೇ ಇಲ್ಲ. ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಇರುವ ಮಾಹಿತಿಗೆ, ಇಲ್ಲವೇ ಕಾಗದದಿಂದ ಅಲ್ಲಿಗೆ ಏರಿಸಿದ ಮಾಹಿತಿಗೆ ಮಾತ್ರ ಅದು ಲಾಗೂ. ಸರ್ಕಾರಿ ಸೌಲಭ್ಯ ಕೊಡಲು ಬಳಸುವ ಮಾಹಿತಿಗೆ ಒಪ್ಪಿಗೆಯಿಂದ ವಿನಾಯಿತಿಯೂ ಇದೆ. ಪಾಠದ ಕೆಲಸಕ್ಕೆ, ಮಕ್ಕಳ ಸುರಕ್ಷತೆಗೆ ಅವರ ಮೇಲೆ ಕಣ್ಣಿಡಲು ಶಾಲೆಗಳಿಗೆ ನಿಯಮಗಳು ಸ್ವಲ್ಪ ಸಡಿಲ ಕೊಟ್ಟಿವೆ. ಹದಿನೆಂಟು ತುಂಬದವರ ವಿಷಯದಲ್ಲಿ ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ ಅನ್ನುವುದನ್ನು ಓದಿ ಹೆದರಿದವರೂ ಇವತ್ತು ಇದ್ದರು. ನನಗೆ ದಂಡಕ್ಕಿಂತ ಆ ತಾಯಿಯ ಪ್ರಶ್ನೆ ದೊಡ್ಡದು.

ಅದಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ವಾಟ್ಸಾಪ್ ಗ್ರೂಪ್. ಸ್ಕಾಲರ್‌ಶಿಪ್ ಬಾಕಿ ಇರುವ ಮಕ್ಕಳ ಎಕ್ಸೆಲ್ ಶೀಟನ್ನು ಆಧಾರ್, ಬ್ಯಾಂಕ್ ಖಾತೆ, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಸಮೇತ ಪೋಷಕರ ಗ್ರೂಪಿಗೆ ಹಾಕುವ ರೂಢಿ ಎಷ್ಟೋ ಶಾಲೆಗಳಲ್ಲಿದೆ. ಮೇಲಿನಿಂದ ‘ಇವತ್ತು ಸಂಜೆಯೊಳಗೆ’ ಅಂತ ಮೆಸೇಜ್ ಬರುತ್ತೆ, ಕೈಯಲ್ಲಿ ಮೂರು ತರಗತಿ ಇರುತ್ತೆ, ಟೀಚರ್ ಏನು ತಾನೇ ಮಾಡಿಯಾರು? ಆ ಒತ್ತಡ ನನಗೂ ಗೊತ್ತು. ಆದರೆ ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸಬಾರದು ಅಂತ 2016ರ ಆಧಾರ್ ಕಾಯ್ದೆಯ 29ನೇ ಸೆಕ್ಷನ್ ಆಗಲೇ ಹೇಳಿದೆ, ಅದಕ್ಕೆ 2027ರವರೆಗೆ ಕಾಯಬೇಕಿಲ್ಲ. ಇನ್ನು ಮುಂದೆ ನಮ್ಮ ಗ್ರೂಪಿನಲ್ಲಿ ರಜೆ, ಪರೀಕ್ಷೆ, ಸಭೆ ಇಷ್ಟೇ. ಕಾಗದ ಬಾಕಿ ಇರುವವರಿಗೆ ಒಬ್ಬೊಬ್ಬರಿಗೇ ಫೋನ್.

ದಾನಿಗಳು ಬ್ಯಾಗು, ನೋಟ್‌ಬುಕ್ ಕೊಡುವಾಗಿನ ಫೋಟೋ ವಿಷಯದಲ್ಲಿ ಒಮ್ಮತ ಬರಲಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಗೆ ಬ್ಯಾಗು ಕೊಟ್ಟು, ಮುಖ ಕಾಣುವಂತೆ ತೆಗೆದು ಫೇಸ್‌ಬುಕ್ಕಿಗೆ ಏರಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಡ ಮಗುವಿಗೂ ಮಾನ ಇದೆ. ಫೋಟೋ ಬೇಡ ಅಂದರೆ ಕೊಡುವವರು ಬೇಜಾರಾಗಿ ಬರುವುದನ್ನೇ ನಿಲ್ಲಿಸಿಯಾರು ಅನ್ನೋದು ಎಚ್‌ಎಂ ಸರ್ ಆತಂಕ. ಬ್ಯಾಗುಗಳನ್ನಷ್ಟೇ ಮೇಜಿನ ಮೇಲೆ ಜೋಡಿಸಿ ಫೋಟೋ ತೆಗೆದು ಕಳಿಸೋಣ ಅಂದೆ. ಯೋಚನೆ ಮಾಡೋಣ ಅಂದಿದ್ದಾರೆ.

ಅಪಾರ್ ಐಡಿಗೆ, ಅಂದರೆ ಪ್ರತಿ ವಿದ್ಯಾರ್ಥಿಗೆ ದೇಶಮಟ್ಟದಲ್ಲಿ ಕೊಡುವ ಗುರುತಿನ ಸಂಖ್ಯೆಗೆ, ಪೋಷಕರ ಒಪ್ಪಿಗೆ ಪತ್ರಗಳ ಕಟ್ಟು ಇನ್ನೂ ನನ್ನ ಮೇಜಿನ ಮೇಲಿದೆ. ಕೆಲವು ಮನೆಗಳಲ್ಲಿ ಅಪ್ಪ ಅಮ್ಮ ಬೆಂಗಳೂರಿಗೆ ಕೂಲಿಗೆ ಹೋಗಿದ್ದಾರೆ, ಮಗು ಅಜ್ಜಿ ಹತ್ತಿರ. ಅಜ್ಜಿ ಹೆಬ್ಬೆಟ್ಟು ಒತ್ತಿ “ಇನ್ನೆಲ್ಲಿ ಒತ್ಬೇಕವ್ವ?” ಅಂತ ಕೇಳುತ್ತಾರೆ. ಅದನ್ನು ಒಪ್ಪಿಗೆ ಅಂತ ಬರೆದುಕೊಳ್ಳಲು ನನಗೆ ಕೈ ಬರುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಕೇಸಿನಲ್ಲಿ. ಅದೇ ಮೊಕದ್ದಮೆಯ 2018ರ ತೀರ್ಪು ಶಾಲೆಗೆ ಸೇರಲು ಆಧಾರ್ ಕಡ್ಡಾಯವಲ್ಲ ಅಂದಿತು. ಹೀಗಿದ್ದೂ ದಾಖಲಾತಿ ದಿನ ಆಧಾರ್ ಇಲ್ಲ ಅಂತ ಅಳುಮೋರೆ ಹಾಕಿಕೊಂಡು ಬರುವ ತಾಯಂದಿರು ಈಗಲೂ ಇದ್ದಾರೆ.

ಸೋಮವಾರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಬರುತ್ತಾರೆ. ಹಳೇ ಬೀರುವಿನಲ್ಲಿರುವ ಆದಾಯ, ಜಾತಿ ಪ್ರಮಾಣಪತ್ರಗಳ ಜೆರಾಕ್ಸ್‌ಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಪತ್ರ ಬರೆದು ಕೇಳಬೇಕು. ಬೇಡದ್ದನ್ನು ರದ್ದಿಯವರಿಗೆ ಕೊಡದೆ ನಮ್ಮ ಕಣ್ಣೆದುರೇ ಹರಿದು ಸುಡೋಣ ಅಂತ ಹೇಳುತ್ತೇನೆ. ಅಜ್ಜಿಯರ ಹೆಬ್ಬೆಟ್ಟಿರುವ ಪತ್ರಗಳನ್ನು ಸದ್ಯಕ್ಕೆ ಬೇರೆ ತೆಗೆದಿಟ್ಟಿದ್ದೇನೆ. ಮಕ್ಕಳ ಅಪ್ಪ ಅಮ್ಮಂದಿರಿಗೆ ನಾನೇ ಫೋನ್ ಮಾಡಿ ವಿವರವಾಗಿ ಹೇಳಿ, ಬೇಡ ಅಂದರೆ ‘ಬೇಡ’ ಅಂತಲೇ ಬರೆದು ಕಳಿಸುತ್ತೇನೆ.